ಹತ್ತು ದಿನದ ಅಂತರದಲ್ಲಿ ಎರಡು ಕಾನೂನು, ನಡುವೆ ಸಿಕ್ಕಿಕೊಂಡ ಲಾರಿ ಲೈಸೆನ್ಸ್

ಸಿಂಧನೂರು, ಗಂಗಾವತಿ ಕಡೆ ಭತ್ತದ ಕೊಯ್ಲಿಗೆ ಹೊರರಾಜ್ಯದ ಮಷೀನುಗಳು ಬಂದಿಳಿಯುವುದನ್ನು ಕಂಡವರಿಗೆ ಅಮೆರಿಕದ ಗೋಧಿ ಸುಗ್ಗಿಯ ರೀತಿ ಸುಲಭವಾಗಿ ಅರ್ಥವಾದೀತು. ಅಲ್ಲೂ ಗುತ್ತಿಗೆ ಕೊಯ್ಲಿನ ತಂಡಗಳಿವೆ. ಮೇ ತಿಂಗಳಲ್ಲಿ ಟೆಕ್ಸಾಸ್‌ನಲ್ಲಿ ಶುರುಮಾಡಿ, ಪೈರು ಮಾಗಿದ ಹಾಗೆ ಒಕ್ಲಹೋಮ, ಕ್ಯಾನ್ಸಸ್, ನೆಬ್ರಾಸ್ಕ ದಾಟಿ ಕೆನಡಾ ಗಡಿಯವರೆಗೂ ಹೋಗುತ್ತವೆ. ಎರಡನೇ ಮಹಾಯುದ್ಧದಲ್ಲಿ ಆಳು ಸಿಗದೆ ಹೋದಾಗ ಬೆಳೆದ ಪದ್ಧತಿ ಇದು. ಕೊಯ್ಲು ಮಷೀನಿನಷ್ಟೇ ಇಲ್ಲಿ ಲಾರಿಯೂ ಮುಖ್ಯ, ಕಾಳು ಗೋದಾಮು ಸೇರದಿದ್ದರೆ ಮಷೀನು ನಿಂತಲ್ಲೇ ನಿಲ್ಲುತ್ತದೆ. ಆ ಲಾರಿಗಳ ಚಾಲಕರಲ್ಲಿ ಎಷ್ಟೋ ಮಂದಿ ಹಂಗಾಮಿನ ಮಟ್ಟಿಗೆ ದಕ್ಷಿಣ ಆಫ್ರಿಕಾದಿಂದ ಬಂದ ಹುಡುಗರು.

ಅವರ ಕೈಯಲ್ಲಿರುವ ಲೈಸೆನ್ಸಿನ ಕತೆ 1986ಕ್ಕೆ ಹೋಗುತ್ತದೆ. ಅದಕ್ಕೂ ಮೊದಲು ಅಮೆರಿಕದ ಹಲವು ರಾಜ್ಯಗಳಲ್ಲಿ ಕಾರಿನ ಡಿಎಲ್ ಇದ್ದವನು ಟ್ರೇಲರ್ ಲಾರಿಯನ್ನೂ ಓಡಿಸಬಹುದಿತ್ತು. ಒಬ್ಬನೇ ನಾಲ್ಕಾರು ರಾಜ್ಯಗಳ ಲೈಸೆನ್ಸ್ ಇಟ್ಟುಕೊಂಡು, ಒಂದರಲ್ಲಿ ದಂಡ ಬಿದ್ದರೆ ಇನ್ನೊಂದನ್ನು ತೋರಿಸಿ ಪಾರಾಗುತ್ತಿದ್ದ. ಅದನ್ನು ತಡೆಯಲು ಆ ವರ್ಷದ ಅಕ್ಟೋಬರ್ 27ರಂದು ಅಧ್ಯಕ್ಷ ರೇಗನ್ ವಾಣಿಜ್ಯ ವಾಹನ ಸುರಕ್ಷತಾ ಕಾಯ್ದೆಗೆ ಸಹಿ ಹಾಕಿದರು. ಒಬ್ಬ ಚಾಲಕನಿಗೆ ಒಂದೇ ಲೈಸೆನ್ಸ್, ಅದೂ ಅವನು ಕಾಯಂ ಆಗಿ ನೆಲೆಸಿರುವ ರಾಜ್ಯದ್ದು. ಅದೇ ಸಿಡಿಎಲ್, ಅಂದರೆ ವಾಣಿಜ್ಯ ವಾಹನ ಚಾಲನೆಯ ಲೈಸೆನ್ಸ್. 1992ರ ಏಪ್ರಿಲ್‌ನಿಂದ ಭಾರಿ ಲಾರಿ, ಬಸ್ಸು ಓಡಿಸುವವರಿಗೆಲ್ಲ ಅದು ಕಡ್ಡಾಯವಾಯಿತು.

ಸರಿಯಾಗಿ ಹತ್ತು ದಿನಗಳ ನಂತರ, ನವೆಂಬರ್ 6ರಂದು, ರೇಗನ್ ವಲಸೆ ಸುಧಾರಣಾ ಕಾಯ್ದೆಗೂ ಸಹಿ ಹಾಕಿದರು. 1952ರಿಂದ ಇದ್ದ ಎಚ್-2 ವೀಸಾವನ್ನು ಅದು ಎರಡಾಗಿ ಸೀಳಿತು: ಹೊಲದ ಕೆಲಸಕ್ಕೆ ಎಚ್-2ಎ, ಉಳಿದ ಹಂಗಾಮಿ ಕೆಲಸಗಳಿಗೆ ಎಚ್-2ಬಿ. ಎಚ್-2ಎ ಪಡೆಯುವವನು ತನ್ನ ಕಾಯಂ ಮನೆ ತಾಯ್ನಾಡಿನಲ್ಲೇ ಇದೆ, ಅದನ್ನು ಬಿಟ್ಟುಬರುವುದಿಲ್ಲ ಎಂದು ತೋರಿಸಬೇಕು. ಅಂದರೆ ಲೈಸೆನ್ಸ್ ಬೇಕಾದರೆ ಅಮೆರಿಕದಲ್ಲಿ ನೆಲೆ ಬೇಕು, ವೀಸಾ ಬೇಕಾದರೆ ಅಲ್ಲಿ ನೆಲೆ ಇರಕೂಡದು. ಪರದೇಶದ ಚಾಲಕರಲ್ಲಿ ಯಾರಿಗೆ ಲೈಸೆನ್ಸ್ ಕೊಡಬೇಕು ಎಂದು ಇಂದಿನವರೆಗೂ ನಡೆದಿರುವ ಜಗಳದ ಬೇರು ಇಲ್ಲಿದೆ ಎಂದೇ ನನಗೆ ಅನಿಸುತ್ತದೆ.

ಈ ಸಂದಿಯನ್ನು ಮುಚ್ಚುವುದು ಅನಿವಾಸಿ ಸಿಡಿಎಲ್, ಅಂದರೆ ಅಮೆರಿಕದಲ್ಲಿ ಕಾಯಂ ನೆಲೆ ಇಲ್ಲದವರಿಗೆ ಕೊಡುವ ಲೈಸೆನ್ಸ್. ಕೊಡಲೇಬೇಕೆಂಬ ನಿಯಮವೇನಿಲ್ಲ, ರಾಜ್ಯ ಇಷ್ಟಪಟ್ಟರೆ ಕೊಡಬಹುದು. ಕೆನಡಾ ಮತ್ತು ಮೆಕ್ಸಿಕೊದವರಿಗೆ ಮಾತ್ರ ಇದು ಅನ್ವಯಿಸದು. ಕೆನಡಾದ ಲೈಸೆನ್ಸನ್ನು 1988ರಲ್ಲಿ, ಮೆಕ್ಸಿಕೊದ ಕೇಂದ್ರ ಲೈಸೆನ್ಸನ್ನು 1991ರಲ್ಲಿ ಅಮೆರಿಕ ತನ್ನದಕ್ಕೆ ಸಮ ಎಂದು ಒಪ್ಪಿಕೊಂಡಿತು. 2011ರ ನಿಯಮವು ಕೆಲಸದ ಪರವಾನಗಿ ಚೀಟಿ ಅಥವಾ ಚಾಲ್ತಿಯಲ್ಲಿರುವ ಪಾಸ್‌ಪೋರ್ಟ್ ಜೊತೆ ಪ್ರವೇಶ ದಾಖಲೆ ಇದ್ದರೆ ಸಾಕು ಎಂದಿತು. ಈ ಬಾಗಿಲಿನಿಂದ ಸುಗ್ಗಿಯ ಹುಡುಗರಿಗಿಂತ ಎಷ್ಟೋ ಪಟ್ಟು ಹೆಚ್ಚು ಮಂದಿ ಬಂದರು. ಆಶ್ರಯ ಕೋರಿ ತೀರ್ಪಿಗೆ ಕಾಯುತ್ತಿದ್ದವರು ಅವರಲ್ಲಿ ಬಹಳ, ಪಂಜಾಬಿನವರೂ ಸೇರಿ.

2025ರ ಆಗಸ್ಟ್ 12ರಂದು ಫ್ಲಾರಿಡಾದ ಹೆದ್ದಾರಿಯೊಂದರಲ್ಲಿ ಭಾರತ ಮೂಲದ ಚಾಲಕನೊಬ್ಬ ತಿರುಗಿಸಬಾರದ ಕಡೆ ಟ್ರೇಲರ್ ತಿರುಗಿಸಿದ. ಕಾರಿನಲ್ಲಿದ್ದ ಮೂವರು ಸತ್ತರು. ಒಂಬತ್ತು ದಿನಕ್ಕೆ ವಿದೇಶಾಂಗ ಸಚಿವ ಮಾರ್ಕೊ ರೂಬಿಯೊ ಲಾರಿ ಚಾಲಕರ ಕೆಲಸದ ವೀಸಾಗಳನ್ನು ನಿಲ್ಲಿಸಿದರು. ಸೆಪ್ಟೆಂಬರ್ ಕೊನೆಗೆ ಸಾರಿಗೆ ಸಚಿವ ಶಾನ್ ಡಫಿ ತುರ್ತು ನಿಯಮ ತಂದರು: ಅನಿವಾಸಿ ಸಿಡಿಎಲ್ ಇನ್ನು ಎಚ್-2ಎ, ಎಚ್-2ಬಿ, ಹೂಡಿಕೆದಾರರ ಇ-2 ವೀಸಾದವರಿಗೆ ಮಾತ್ರ. ಕೆಲಸದ ಪರವಾನಗಿ ಚೀಟಿ ಸಾಲದು. ಸುಮಾರು 2 ಲಕ್ಷ ಅನಿವಾಸಿ ಚಾಲಕರಲ್ಲಿ 1.94 ಲಕ್ಷ ಮಂದಿ ಕಾಲಕ್ರಮದಲ್ಲಿ ಲೈಸೆನ್ಸ್ ಕಳೆದುಕೊಳ್ಳುತ್ತಾರೆಂದು ಇಲಾಖೆಯೇ ಅಂದಾಜಿಸಿತು. ವೀಸಾ ಅವಧಿ ಮುಗಿದ ಮೇಲೂ ಊರ್ಜಿತವಾಗಿರುವಂತೆ ಲೈಸೆನ್ಸ್ ಕೊಟ್ಟಿದ್ದ ಕ್ಯಾಲಿಫೋರ್ನಿಯಾ, ನವೆಂಬರ್‌ನಲ್ಲಿ 17,000 ಮಂದಿಗೆ ರದ್ದತಿ ನೋಟಿಸ್ ಕಳಿಸಿತು.

ಇಲಾಖೆಯ ವಾದದಲ್ಲಿ ಹುರುಳಿಲ್ಲ ಎನ್ನಲಾರೆ. ಪರದೇಶದಲ್ಲಿ ಒಬ್ಬ ಎಷ್ಟು ಅಪಘಾತ ಮಾಡಿದ್ದ, ಕುಡಿದು ಓಡಿಸಿ ಸಿಕ್ಕಿಬಿದ್ದಿದ್ದನೇ ಎಂಬುದನ್ನು ಅಮೆರಿಕದ ರಾಜ್ಯಗಳು ತಿಳಿಯುವ ದಾರಿಯಿಲ್ಲ. ಆ ಮೂರು ವೀಸಾಗಳವರನ್ನು ದೂತಾವಾಸ ಮೊದಲೇ ಸೋಸಿರುತ್ತದೆ ಎಂಬುದು ಅದರ ಸಮರ್ಥನೆ. ಆದರೆ ಅದೇ ಇಲಾಖೆಯ ಲೆಕ್ಕದಲ್ಲಿ, ಸಿಡಿಎಲ್ ಇದ್ದವರಲ್ಲಿ ಅನಿವಾಸಿಗಳು ಸುಮಾರು ಶೇ 5, ಸಾವು ಸಂಭವಿಸಿದ ಅಪಘಾತಗಳಲ್ಲಿ ಅವರ ಪಾಲು ಶೇ 0.2ರಷ್ಟು. ವಾಷಿಂಗ್ಟನ್‌ನ ಮೇಲ್ಮನವಿ ನ್ಯಾಯಾಲಯ ನವೆಂಬರ್ 13ರಂದು ಆ ತುರ್ತು ನಿಯಮಕ್ಕೆ ತಡೆಯಾಜ್ಞೆ ಕೊಟ್ಟಾಗ ಈ ಅಂಕಿಯನ್ನೇ ಎತ್ತಿ ತೋರಿಸಿತು. ಚಾಲಕನ ಕೈಚಳಕ ಅಳೆಯುವ ಜಾಗದಲ್ಲಿ ವೀಸಾದ ಹೆಸರನ್ನು ಅಳತೆಗೋಲು ಮಾಡಿದ್ದು ತಪ್ಪು ಎಂಬುದೇ ನನ್ನ ನಿಲುವು. ವರ್ಷಗಟ್ಟಲೆ ಒಂದೂ ಅಪಘಾತ ಮಾಡದೆ, ಲಾರಿ ಸಾಲದ ಕಂತು ಕಟ್ಟುತ್ತಿರುವವನ ಮನೆಯೂ ಆ 1.94 ಲಕ್ಷದೊಳಗಿದೆ.

ಹೊಸ ನಿಯಮದಲ್ಲೂ ಅರ್ಹತೆ ಉಳಿಸಿಕೊಂಡ ಎಚ್-2ಎ ಸುಗ್ಗಿಯ ಹುಡುಗರ ಹಾದಿಯೂ ಸಲೀಸಲ್ಲ. ಮೆಕ್ಸಿಕೊದಿಂದ ಬಂದವನು ಊರಿನ ಕೇಂದ್ರ ಲೈಸೆನ್ಸನ್ನೇ ಜೇಬಿನಲ್ಲಿಟ್ಟುಕೊಂಡು ಲಾರಿ ಹತ್ತಬಹುದು, ಎರಡು ಸರ್ಕಾರಗಳು ಪರಸ್ಪರರ ಪರೀಕ್ಷೆಯನ್ನು ನಂಬಲು ಒಪ್ಪಿವೆ. ದಕ್ಷಿಣ ಆಫ್ರಿಕಾದ ಜೊತೆ ಅಂಥ ಒಪ್ಪಂದವನ್ನು ಅಮೆರಿಕ ಮಾಡಿಕೊಂಡಿಲ್ಲ. ಹಾಗಾಗಿ ಊರಿನಲ್ಲಿ ವರ್ಷಗಳಿಂದ ಜೋಳದ ಲೋಡು ಎಳೆದವನೂ ಮೊದಲ ಸಲ ಬಂದಾಗ ಲಿಖಿತ ಪರೀಕ್ಷೆ ಬರೆದು ಎಲ್‌ಎಲ್‌ಆರ್ ತೆಗೆಸಬೇಕು. 2022ರ ಫೆಬ್ರುವರಿಯಿಂದ ಕಡ್ಡಾಯವಾಗಿರುವ ಹೊಸಬರ ತರಬೇತಿ ಮುಗಿಸಬೇಕು. ಎಲ್‌ಎಲ್‌ಆರ್ ಕೈಗೆ ಬಂದು 14 ದಿನ ಕಳೆಯದೆ ಓಡಿಸುವ ಪರೀಕ್ಷೆಗೆ ಕರೆಯುವುದಿಲ್ಲ. ಇಷ್ಟೆಲ್ಲ ಮೇ ತಿಂಗಳಲ್ಲಿ ಟೆಕ್ಸಾಸ್‌ನ ಗೋಧಿ ಮಾಗುವ ಮೊದಲೇ ಆಗಬೇಕು.