ಎರಡೂವರೆ ಚಮಚ ನೀರಿನ ಎಂಜಿನ್

ಬೆಳಗಾವಿಯ ಟಿಳಕವಾಡಿಯಲ್ಲಿ ರೈಲ್ವೆ ಗೇಟು ಬಿತ್ತೆಂದರೆ ಗಾಡಿ ದಾಟುವವರೆಗೆ ಕಾಯಲೇಬೇಕು. ಅಲ್ಲಿಗೆ ಹತ್ತಿರದ ನಮ್ಮ ಮನೆಯ ಮೇಜಿನ ಮೇಲೂ ಒಂದು ಎಂಜಿನ್ ಓಡುತ್ತದೆ, ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕದು. ಇಂಗ್ಲೆಂಡಿನ ಲೀಡ್ಸ್ ನಗರದ ಹನ್ಸ್‌ಲೆಟ್ ಕಂಪನಿ ಎರಡನೆಯ ಮಹಾಯುದ್ಧದ ಅಗತ್ಯಕ್ಕೆಂದು ರೂಪಿಸಿದ ‘ಆಸ್ಟೆರಿಟಿ’ ಎಂಬ ಉಗಿ ಎಂಜಿನ್ನಿನ ಮಾದರಿ ಅದು. 1943ರಿಂದ 1964ರವರೆಗೆ ಇಂಥ 485 ಎಂಜಿನ್ನುಗಳು ತಯಾರಾದವು. ಯುದ್ಧ ಮುಗಿದ ಮೇಲೆ ಬಹಳಷ್ಟು ಕಲ್ಲಿದ್ದಲು ಗಣಿಗಳ ಪಾಲಾದವು. ಬ್ರಿಟನ್ನಿನ ಮುಖ್ಯ ಮಾರ್ಗಗಳಲ್ಲಿ 1968ಕ್ಕೆ ಉಗಿಯ ಕಾಲ ಮುಗಿದರೂ ಗಣಿಗಳಲ್ಲಿ ಇವು ದುಡಿಯುತ್ತಲೇ ಇದ್ದುದರಿಂದ, ಹಳೆಯ ರೈಲುಗಳನ್ನು ಉಳಿಸಿಕೊಳ್ಳಲು ಹೊರಟವರಿಗೆ ಗಟ್ಟಿಮುಟ್ಟಾಗಿಯೇ ಸಿಕ್ಕವು.

ಇದರ ನೀರಿನ ತೊಟ್ಟಿ ಕುದುರೆಯ ಬೆನ್ನಿಗೆ ಬಿಗಿದ ಜೀನಿನಂತೆ ಬಾಯ್ಲರಿನ ಮೇಲೆ ಎರಡೂ ಬದಿಗೆ ಇಳಿಬಿದ್ದಿದೆ. ನೀರಿನ ಭಾರ ನೇರವಾಗಿ ಗಾಲಿಗಳ ಮೇಲೆ ಬೀಳುವುದರಿಂದ ಹಳಿಯ ಮೇಲಿನ ಹಿಡಿತ ಹೆಚ್ಚುತ್ತದೆ. ಅಸಲಿ ತೊಟ್ಟಿಯಲ್ಲಿ ಸುಮಾರು 5,450 ಲೀಟರ್ ನೀರು ಹಿಡಿಯುತ್ತದೆ. ನನ್ನ ಮಾದರಿ ಅಸಲಿಗಿಂತ 76 ಪಟ್ಟು ಚಿಕ್ಕದು; ಉದ್ದ, ಅಗಲ, ಎತ್ತರ ಮೂರೂ ಅಷ್ಟು ಕುಗ್ಗಿದರೆ ಗಾತ್ರ ಸುಮಾರು 4.4 ಲಕ್ಷ ಪಟ್ಟು ಕುಗ್ಗುತ್ತದೆ. ಹಾಗಾಗಿ ಮಾದರಿಯ ಪಾಲಿಗೆ ಬರುವುದು 12 ಮಿಲಿಲೀಟರ್, ಅಂದರೆ ಔಷಧಿ ಕುಡಿಯುವ ಎರಡೂವರೆ ಚಮಚ! ಮೇಲ್ಮೈ ಮಾತ್ರ ಅಷ್ಟು ಕುಗ್ಗದ ಕಾರಣ ಶಾಖ ಬೇಗ ಸೋರಿಹೋಗುತ್ತದೆ. ಹಂಡೆಯ ನೀರು ತಾಸುಗಟ್ಟಲೆ ಬೆಚ್ಚಗಿದ್ದರೂ ಬಸಿಗೆ ಸುರಿದ ಚಹಾ ನೋಡನೋಡುತ್ತಲೇ ಆರುವುದು ಇದೇ ಲೆಕ್ಕದಿಂದ. ಆದ್ದರಿಂದಲೇ ಇದರ ಒಳಗೆ ಉಗಿಯಿಲ್ಲ, 12 ವೋಲ್ಟಿನ ಮೋಟಾರಿದೆ.

ತೂಕದ್ದೂ ಇದೇ ಪಾಡು. ಸುಮಾರು 49 ಟನ್ನಿನ ಎಂಜಿನ್ ಈ ಲೆಕ್ಕದಲ್ಲಿ 110 ಗ್ರಾಂ ಆಗುತ್ತದೆ. ಅಷ್ಟರಿಂದ ಡಬ್ಬಿಗಳನ್ನು ಎಳೆಯುವುದು ಕಷ್ಟ. ಅದಕ್ಕಾಗಿ ತೊಟ್ಟಿಯ ಪೊಳ್ಳಿನಲ್ಲಿ ಲೋಹದ ತುಂಡೊಂದನ್ನು ಕೂರಿಸುತ್ತಾರೆ. ನೀರು ಮಾಡುತ್ತಿದ್ದ ಕೆಲಸವನ್ನು ಅದೇ ಜಾಗದಲ್ಲಿ ಕುಳಿತು ಲೋಹ ಮಾಡುವ ಈ ಹೊಂದಾಣಿಕೆ ನನಗೆ ಬಹಳ ಇಷ್ಟ.

ಹಳಿಯ ವಿಷಯದಲ್ಲಿ ಮಾತ್ರ ಮಾದರಿ ಸುಳ್ಳು ಹೇಳುತ್ತದೆ. ಅದರ ಹಳಿಗಳ ನಡುವಿನ 16.5 ಮಿಲಿಮೀಟರನ್ನು 76ರಿಂದ ಗುಣಿಸಿದರೆ 1,254 ಬರುತ್ತದೆ. ಬ್ರಿಟನ್ನಿನ ನಿಜವಾದ ಅಳತೆ 1,435. ಅಲ್ಲಿನ ಎಂಜಿನ್ನುಗಳ ಮೈ ಕಿರಿದಾದ್ದರಿಂದ ಹಿಂದಿನ ಕಾಲದ ಮೋಟಾರು ಒಳಗೆ ಹಿಡಿಸಲೆಂದು, ಮಾದರಿ ತಯಾರಿಸುವವರು ಹಳಿಯನ್ನು ಇದ್ದಂತೆಯೇ ಬಿಟ್ಟು ಮೈಯನ್ನಷ್ಟೇ ಹಿಗ್ಗಿಸಿದರು. ಮೀಟರ್ ಗೇಜಿನಿಂದ ಬ್ರಾಡ್ ಗೇಜಿಗೆ ಬದಲಾದುದನ್ನು ಕಂಡ ನಮ್ಮ ಊರಿನವರಿಗೆ ಇದೇನು ದೊಡ್ಡ ತಪ್ಪೆನಿಸಲಿಕ್ಕಿಲ್ಲ.

ಮೋಟಾರಿಗೆ ವಿದ್ಯುತ್ತು ಹಳಿಯಿಂದ ಗಾಲಿಗಳ ಮೂಲಕ ಬರಬೇಕು. ಇರುವುದೇ ಆರು ಗಾಲಿ. ಮಳೆಗಾಲದಲ್ಲಿ ಹಳಿಗೆ ತೆಳುವಾದ ಕೊಳೆ ಕಟ್ಟಿದರೆ ಎಂಜಿನ್ ಹಳಿ ಕವಲೊಡೆಯುವ ಪಾಯಿಂಟಿನ ಮೇಲೆ ತಟಕ್ಕನೆ ನಿಂತುಬಿಡುತ್ತದೆ. ಆಗ ಸ್ಪಿರಿಟ್ಟಿನಲ್ಲಿ ಅದ್ದಿದ ಬಟ್ಟೆಯಿಂದ ಹಳಿ ಒರೆಸಿ, ಬೆರಳಿನಿಂದ ಒಮ್ಮೆ ಮೆಲ್ಲನೆ ದೂಡುತ್ತೇನೆ.