ಗುರುತ್ವ: ಬಲವೋ, ದೇಶಕಾಲದ ಬಾಗೋ?

ಮುಂಬಯಿಯ ಕಾಲೇಜಿನಲ್ಲಿ ಭೌತವಿಜ್ಞಾನ ಕಲಿಸುವ ನಾನು, ಗುರುತ್ವ ಒಂದು ಬಲವೋ, ದೇಶಕಾಲದ (ಸ್ಥಳ, ಕಾಲ ಎರಡೂ ಸೇರಿದ ಹೆಣಿಗೆಯ) ಬಾಗೋ ಎಂಬ ಪ್ರಶ್ನೆ ಬಂದಾಗಲೆಲ್ಲ ಮೊದಲು ಮೊಬೈಲನ್ನು ಮೇಜಿನ ಮೇಲಿಟ್ಟು, ಅದರೊಳಗಿನ ವೇಗೋತ್ಕರ್ಷ ಮಾಪಕವನ್ನು ವಿದ್ಯಾರ್ಥಿಗಳಿಂದಲೇ ಓದಿಸುತ್ತೇನೆ. ಅಲುಗದೆ ಬಿದ್ದಿರುವ ಫೋನು ಮೇಲ್ಮುಖವಾಗಿ ಸುಮಾರು 9.8 ಮೀ/ಸೆ² ವೇಗೋತ್ಕರ್ಷ ತೋರಿಸುತ್ತದೆ; ಅದನ್ನೇ ದಿಂಬಿನ ಮೇಲೆ ಬೀಳಬಿಟ್ಟರೆ, ಬೀಳುವಷ್ಟು ಹೊತ್ತು ಸೊನ್ನೆಯ ಆಸುಪಾಸು. ಮಾಪಕಕ್ಕೆ ತಿಳಿಯುವುದು ಮೇಜು ಕೆಳಗಿನಿಂದ ಒತ್ತುವ ಬಲವೇ ಹೊರತು ಗುರುತ್ವವಲ್ಲ.

ದಾದರಿನಲ್ಲಿ ಲೋಕಲ್ ಹೊರಟಾಗ ನಿಂತವರನ್ನೆಲ್ಲ ಯಾರೋ ಹಿಂದಕ್ಕೆ ತಳ್ಳಿದಂತಾಗುತ್ತದೆ. ಪ್ಲಾಟ್‌ಫಾರ್ಮಿನಿಂದ ನೋಡುವವರಿಗೆ ಅಂಥ ಬಲವೇ ಇಲ್ಲ. ಈ ಹುಸಿ ಬಲ ಪ್ರತಿಯೊಂದು ವಸ್ತುವಿನ ದ್ರವ್ಯರಾಶಿಗೆ ತಕ್ಕಷ್ಟೇ ಇರುತ್ತದೆ. ಗುರುತ್ವವೂ ಹಾಗೆಯೇ, ಆದ್ದರಿಂದಲೇ ಗಾಳಿಯ ತಡೆಯಿಲ್ಲದಿದ್ದರೆ ಕಲ್ಲು, ಗರಿ ಒಟ್ಟಿಗೇ ನೆಲ ಮುಟ್ಟುತ್ತವೆ. 1907ರಲ್ಲಿ ಐನ್‌ಸ್ಟೈನ್ ಹಿಡಿದ ಈ ಎಳೆಯೇ 1915ರಲ್ಲಿ, ಗುರುತ್ವ ಬಲವಲ್ಲ, ದೇಶಕಾಲದ ಬಾಗು ಎನ್ನುವ ಸಾಮಾನ್ಯ ಸಾಪೇಕ್ಷತಾ ಸಿದ್ಧಾಂತವಾಗಿ ಪೂರ್ಣಗೊಂಡಿತು.

ಬೀಳುವಾಗ ಗುರುತ್ವ ಅಳಿಸಿಹೋಗುವುದಾದರೆ ಉಳಿಯುವುದೇನು? ಅದಕ್ಕೆ ಉತ್ತರ ನಮ್ಮ ಸಮುದ್ರದಲ್ಲೇ ಇದೆ. ಭೂಮಿಯೂ ಚಂದ್ರನ ಕಡೆಗೆ ಸದಾ ಬೀಳುತ್ತಲೇ ಇದೆ. ಆದರೆ ಚಂದ್ರನತ್ತ ಇರುವ ಮಗ್ಗುಲು ತುಸು ಹೆಚ್ಚಾಗಿಯೂ ಆಚೆಯ ಮಗ್ಗುಲು ತುಸು ಕಡಿಮೆಯಾಗಿಯೂ ಸೆಳೆಯಲ್ಪಡುವುದರಿಂದ, ಮಳೆಗಾಲದಲ್ಲಿ ಮಹಾನಗರಪಾಲಿಕೆ ಮುಂಚಿತವಾಗಿ ಎಚ್ಚರಿಸುವ ನಾಲ್ಕೂವರೆ ಮೀಟರಿಗೂ ಮೇಲಿನ ಉಬ್ಬರಗಳು ಏಳುತ್ತವೆ. (ಸೂರ್ಯನ ಪಾಲೂ ಅದರಲ್ಲಿದೆ.) ಎಷ್ಟು ಬಿದ್ದರೂ ಅಳಿಸಲಾಗದ ಈ ವ್ಯತ್ಯಾಸವೇ ದೇಶಕಾಲದ ವಕ್ರತೆ, ಅಂದರೆ ಬಾಗು.

ಬಿಗಿದ ರಬ್ಬರ್ ಹಾಳೆಯ ಮೇಲೆ ಗುಂಡು ಇಟ್ಟು ಈ ಬಾಗನ್ನು ತೋರಿಸುವ ಚಿತ್ರವನ್ನು ನಾನು ತರಗತಿಯಲ್ಲಿ ಬಳಸುವುದಿಲ್ಲ. ಹಾಳೆ ತಗ್ಗುವುದೇ ಗುರುತ್ವದಿಂದ. ಮೇಲಾಗಿ ಅದು ಕಾಲವನ್ನು ಪೂರಾ ಬಿಟ್ಟುಬಿಡುತ್ತದೆ. ಎಸೆದ ಚೆಂಡು ಬಾಗಿ ಬೀಳಲು ಮುಖ್ಯ ಕಾರಣ ಕಾಲದ ಬಾಗು: ಕೆಳಗಿನ ಗಡಿಯಾರ ಮೇಲಿನದಕ್ಕಿಂತ ನಿಧಾನವಾಗಿ ನಡೆಯುತ್ತದೆ. ಜಿಪಿಎಸ್ ಉಪಗ್ರಹಗಳ ಗಡಿಯಾರಗಳು ಎತ್ತರದಿಂದಾಗಿ ದಿನಕ್ಕೆ ಸುಮಾರು 45 ಮೈಕ್ರೋಸೆಕೆಂಡು ಮುಂದೋಡಿ, ವೇಗದಿಂದಾಗಿ 7ರಷ್ಟು ಹಿಂದೆ ಬೀಳುತ್ತವೆ. ಉಳಿದ 38ನ್ನು ಸರಿದೂಗಿಸಲೇಬೇಕು.

‘ಸರ್, ಹಾಗಾದರೆ ನ್ಯೂಟನ್ ಹೇಳಿದ್ದು ಸುಳ್ಳೇ?’ ಎಂದು ಮಾಟುಂಗದ ಹುಡುಗಿಯೊಬ್ಬಳು ಕೇಳಿದ್ದಳು. ಸೇತುವೆಯ ಲೆಕ್ಕಕ್ಕೂ ಉಬ್ಬರದ ವೇಳಾಪಟ್ಟಿಗೂ ನ್ಯೂಟನ್ನನ ಬಲ ಧಾರಾಳವಾಗಿ ಸಾಕು, ನಾನೂ ಅದನ್ನೇ ಬಳಸುತ್ತೇನೆ ಎಂದೆ. ಆದರೆ ಬುಧ ಗ್ರಹದ ಕಕ್ಷೆ ಶತಮಾನಕ್ಕೆ 43 ಆರ್ಕ್‌ಸೆಕೆಂಡಿನಷ್ಟು (ಒಂದು ಆರ್ಕ್‌ಸೆಕೆಂಡು ಎಂದರೆ ಡಿಗ್ರಿಯ 3600ರಲ್ಲಿ ಒಂದು ಪಾಲು) ಹೆಚ್ಚಾಗಿ ತಿರುಗುವುದಕ್ಕೆ ಆ ಬಲದಲ್ಲಿ ಕಾರಣ ಸಿಗಲಿಲ್ಲ. ಬಾಗಿದ ದೇಶಕಾಲದ ಲೆಕ್ಕದಲ್ಲಿ ಅಷ್ಟೇ ಅಂಕಿ ತಾನಾಗಿ ಬಂತು.