ಊರಿಗೆ ಟಿಕೆಟ್ ಇರುವವರು, ಇಲ್ಲದವರು

ಮುಂಬೈ ಕನ್ನಡಿಗರಿಗೆ ಮೇ ತಿಂಗಳೆಂದರೆ ಮತ್ಸ್ಯಗಂಧಾ ರೈಲಿನ ವೇಯ್ಟಿಂಗ್ ಲಿಸ್ಟ್. ಟಿಕೆಟ್ ಸಿಗದಿದ್ದರೂ ಊರು ಅಲ್ಲೇ ಇರುತ್ತದೆ. ಆದರೆ ದೇಶ ವಿಭಜನೆಯ ನಂತರ ಮುಂಬೈ ಹತ್ತಿರದ ಕಲ್ಯಾಣದ ಬಳಿಯ ಹಳೆಯ ಸೈನಿಕ ಬ್ಯಾರಕ್ಕುಗಳಿಗೆ ಬಂದಿಳಿದ ಸಿಂಧಿಗಳಿಗೆ ಹಿಂತಿರುಗಲು ಊರೇ ಉಳಿದಿರಲಿಲ್ಲ. 1949ರಲ್ಲಿ ಆ ಜಾಗಕ್ಕೆ ಉಲ್ಲಾಸನಗರವೆಂಬ ಹೆಸರು ಬಂತು. ವಿಳಾಸ ಹೇಳುವಾಗ ಮಾತ್ರ ಇಂದಿಗೂ ‘ಕ್ಯಾಂಪ್ ನಂಬರ್ 3’ ಎನ್ನುತ್ತಾರೆ.

ವಲಸಿಗನಿಗೂ ನಿರಾಶ್ರಿತನಿಗೂ ಇರುವ ಈ ಅಂತರದ ಎಳೆಯನ್ನು 1795ರಲ್ಲೇ ಜರ್ಮನ್ ತತ್ವಜ್ಞಾನಿ ಇಮ್ಯಾನುಯೆಲ್ ಕಾಂಟ್ ಹಿಡಿದಿದ್ದ. ಭೂಮಿ ಗುಂಡಗಿರುವುದರಿಂದ ಮನುಷ್ಯರು ಕೊನೆಯಿಲ್ಲದೆ ದೂರ ಸರಿಯುತ್ತಾ ಹೋಗಲಾರರು, ಒಬ್ಬರನ್ನೊಬ್ಬರು ಸಹಿಸಲೇಬೇಕು ಎಂಬುದು ಅವನ ವಾದ. ಅವನ ಪ್ರಕಾರ ಪರದೇಶಿಗೆ ಬಂದು ಹೋಗುವ ಹಕ್ಕುಂಟು, ನೆಲೆಸುವ ಹಕ್ಕಿಲ್ಲ. ಆದರೆ ಹೊರಗಟ್ಟಿದರೆ ಅವನು ನಾಶವಾಗುತ್ತಾನೆಂದಾದರೆ ಹಾಗೆ ಅಟ್ಟುವಂತಿಲ್ಲ. 1951ರ ನಿರಾಶ್ರಿತರ ಒಪ್ಪಂದದಲ್ಲೂ ಇದೇ ಬಗೆಯ ನಿಯಮವಿದೆ. ಭಾರತ ಅದಕ್ಕೆ ಸಹಿ ಹಾಕಿಲ್ಲ. ಆದರೂ ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರಾಗಿ ಬಂದ ಚಕ್ಮಾ ಜನರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1996ರಲ್ಲಿ, ಜೀವಿಸುವ ಹಕ್ಕು ನಾಗರಿಕರಿಗಷ್ಟೇ ಅಲ್ಲ, ಇಲ್ಲಿರುವ ಪ್ರತಿಯೊಬ್ಬರಿಗೂ ಇದೆಯೆಂದು ಎತ್ತಿಹಿಡಿಯಿತು.

1933ರಲ್ಲಿ ಜರ್ಮನಿ ತೊರೆದ ಯಹೂದಿ ಚಿಂತಕಿ ಹನ್ನಾ ಅರೆಂಟ್ ಸಮಸ್ಯೆಯ ಬುಡಕ್ಕೇ ಕೈಹಾಕಿದರು. ದೇಶ ಕಳೆದುಕೊಂಡವನಿಗೆ ಮಾನವ ಹಕ್ಕುಗಳ ಪಟ್ಟಿ ಕಾಗದದ ಮೇಲಷ್ಟೇ ಉಳಿಯುತ್ತದೆ, ಅವನಿಗೆ ಮೊದಲು ಬೇಕಾದದ್ದು ‘ಹಕ್ಕುಗಳನ್ನು ಹೊಂದುವ ಹಕ್ಕು’ ಎಂದರು. 1948ರ ವಿಶ್ವಸಂಸ್ಥೆಯ ಘೋಷಣೆಯಲ್ಲೂ ಇದೇ ಕೊರತೆ: ಯಾವ ದೇಶವನ್ನಾದರೂ ಬಿಟ್ಟು ಹೊರಡುವ ಹಕ್ಕನ್ನು ಅದು ಕೊಟ್ಟಿತೇ ಹೊರತು ಇನ್ನೊಂದು ದೇಶ ಒಳಗೆ ಬಿಟ್ಟುಕೊಳ್ಳಬೇಕೆಂದು ಹೇಳಲಿಲ್ಲ. ಹೊರಟವನು ಎಲ್ಲಿಗೆ ಹೋಗಬೇಕು?

ಹಾಗಾದರೆ ಗಡಿಗಳನ್ನೇ ತೆರೆದಿಡಬೇಕೇ ಎಂಬ ಮುಂದಿನ ಚರ್ಚೆ, ದಕ್ಷಿಣದವರು ನೆಲೆಸಿದ ಮುಂಬೈನ ನಮ್ಮ ಮಾಟುಂಗಕ್ಕೂ ಸಂಬಂಧಪಟ್ಟದ್ದು. ರಾಷ್ಟ್ರದ ಗೋಡೆ ಕೆಡವಿದರೆ ಬಡಾವಣೆಗಳೇ ಪುಟ್ಟ ಕೋಟೆಗಳಾಗುತ್ತವೆ ಎಂದು ಅಮೆರಿಕದ ರಾಜಕೀಯ ಚಿಂತಕ ಮೈಕೆಲ್ ವಾಲ್ಜರ್ 1983ರಲ್ಲಿ ಎಚ್ಚರಿಸಿದರು. ಸಂವಿಧಾನದ 19ನೇ ವಿಧಿ ದೇಶದೊಳಗೆ ಎಲ್ಲಿ ಬೇಕಾದರೂ ನೆಲೆಸುವ ಸ್ವಾತಂತ್ರ್ಯ ಕೊಟ್ಟಿದ್ದರೂ 1960ರ ದಶಕದಲ್ಲಿ ಇದೇ ನಗರದಲ್ಲಿ ದಕ್ಷಿಣದವರ ವಿರುದ್ಧ ಚಳವಳಿ ಎದ್ದದ್ದನ್ನು ನೆನೆದರೆ, ವಾಲ್ಜರ್ ಮಾತನ್ನು ಸುಲಭವಾಗಿ ತಳ್ಳಿಹಾಕಲಾಗದು. ಆದರೂ ನನಗೆ ಹೆಚ್ಚು ಒಪ್ಪಿಗೆಯಾಗುವುದು ಇನ್ನೊಬ್ಬ ರಾಜಕೀಯ ಚಿಂತಕ ಜೋಸೆಫ್ ಕೇರೆನ್ಸ್. 1987ರಿಂದ ತೆರೆದ ಗಡಿಗಳ ಪರ ವಾದಿಸುತ್ತ ಬಂದ ಅವರು ಕೇಳುವುದಿಷ್ಟೇ: ಕೆಲಸ, ಮದುವೆ, ಓದು ಇವುಗಳಿಗಾಗಿ ದೇಶದೊಳಗೆ ಓಡಾಡುವುದು ಮೂಲಭೂತ ಹಕ್ಕಾದರೆ, ಅದೇ ಕಾರಣಗಳು ಗಡಿ ದಾಟಿದೊಡನೆ ಏಕೆ ಸವಕಲಾಗುತ್ತವೆ? ಉಡುಪಿಯಿಂದ ಬಂದು ಹೋಟೆಲಿನಲ್ಲಿ ತಟ್ಟೆ ತೊಳೆದು ಕ್ಯಾಷ್ ಕೌಂಟರಿಗೆ ಏರಿದವರನ್ನು ಕಂಡವರಿಗೆ ಈ ಪ್ರಶ್ನೆ ಹೊಸದೇನಲ್ಲ.

ಸ್ವಂತ ದೇಶದಲ್ಲಿ ಸಾಕಷ್ಟು ಆಯ್ಕೆಗಳಿದ್ದರೆ ಜಗತ್ತೆಲ್ಲ ತೆರೆದಿರಬೇಕಿಲ್ಲ ಎಂಬುದು ಬ್ರಿಟನ್ನಿನ ರಾಜಕೀಯ ಚಿಂತಕ ಡೇವಿಡ್ ಮಿಲ್ಲರ್ ಅವರ ಉತ್ತರ. ನಿರಾಶ್ರಿತರಿಗೆ ಮಾತ್ರ ಅವರೂ ಆ ಉತ್ತರ ಕೊಡುವುದಿಲ್ಲ. ಅಲ್ಲಿ ಅವರ ಚಿಂತೆ ಯಾವ ದೇಶ ಎಷ್ಟು ಹೊಣೆ ಹೊರಬೇಕೆಂಬುದು.